ಮನೆಯನ್ನೇ ಓಡಿಸುವ ಮುಂಚೆ

ಒಳಗೇ ಹಾಸಿಗೆ, ಒಲೆ ಇರುವ ಕ್ಯಾಂಪರ್‌ವ್ಯಾನ್‌ನಲ್ಲಿ ಜೋಪಾನವಾಗಿ ಸುತ್ತುವುದು ಹೇಗೆ ಅಂತ ಕಳೆದ ತಿಂಗಳು ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ ಒಂದು ಸಂಜೆ ಮಾತಾಡಿದ್ದೆ. ಬಂದವರಲ್ಲಿ ಬಹಳ ಜನರ ಮಕ್ಕಳು ಹೊರದೇಶದಲ್ಲಿದ್ದಾರೆ. ಮೊದಲೆಲ್ಲ ಮಕ್ಕಳನ್ನು ನೋಡಲು ಹೋದರೆ ಮೊಮ್ಮಕ್ಕಳ ಜೊತೆ ಮನೆಯಲ್ಲೇ ಇದ್ದು ಬರುತ್ತಿದ್ದೆವು. ಈಗ ಹಾಗಲ್ಲ, ಕ್ಯಾಂಪರ್‌ವ್ಯಾನ್ ಬಾಡಿಗೆಗೆ ಹಿಡಿದು ನಾವೇ ಓಡಿಸಿಕೊಂಡು ಊರೂರು ಸುತ್ತಿ ಬರುತ್ತೇವೆ. ಅವತ್ತು ಆಡಿದ್ದನ್ನು ಬರೆದು ಕೊಡಿ ಅಂತ ಹಲವರು ಕೇಳಿದರು. ಸಭೆಯಲ್ಲಿ ಬಂದ ಪ್ರಶ್ನೆಗಳನ್ನೂ ಅಲ್ಲಲ್ಲೇ ಸೇರಿಸಿ ಬರೆದಿದ್ದೇನೆ.

ಎಲ್ಲರಿಗೂ ನಮಸ್ಕಾರ. ನಾನು, ನಮ್ಮವರು ಅಂದರೆ ನಮ್ಮ ಯಜಮಾನರು ಸೇರಿ ನ್ಯೂಜಿಲೆಂಡ್‌ನ ದಕ್ಷಿಣ ದ್ವೀಪವನ್ನು ಮೂರು ಸಲ ಕ್ಯಾಂಪರ್‌ವ್ಯಾನ್‌ನಲ್ಲಿ ಸುತ್ತಿದ್ದೇವೆ. ಎರಡು ಸಲ ಇಬ್ಬರೇ, ಒಂದು ಸಲ ಮಗ, ಸೊಸೆ, ಮೊಮ್ಮಗಳ ಜೊತೆ. ಯಾರಿಗೆ ಹೇಳಿದರೂ ಮೊದಲು ಕೇಳುವುದು ಒಂದೇ. ಕಳ್ಳಕಾಕರ ಕಾಟ ಇಲ್ವಾ? ರಾತ್ರಿ ಯಾರಾದರೂ ಬಾಗಿಲು ಬಡಿದರೆ? ಅದಕ್ಕೂ ಬರುತ್ತೇನೆ. ಆದರೆ ಈ ಮೂರು ಪ್ರವಾಸದಲ್ಲಿ ನಮಗೆ ಎದೆ ಝಲ್ಲೆಂದ ಗಳಿಗೆಗಳನ್ನು ಒಂದೊಂದಾಗಿ ನೆನೆಸಿಕೊಂಡರೆ, ಒಂದರಲ್ಲೂ ಕಳ್ಳ ಇಲ್ಲ. ಎಲ್ಲದರಲ್ಲೂ ಇದ್ದದ್ದು ಅವಸರ. ಆ ಅವಸರವನ್ನು ನಾವು ಇಲ್ಲಿಂದಲೇ, ಮೈಸೂರಿನಿಂದಲೇ ಕಟ್ಟಿಕೊಂಡು ಹೋಗಿದ್ದೆವು. ಊಟದ ಟೇಬಲ್ ಮೇಲೆ ಮ್ಯಾಪ್ ಹರಡಿಕೊಂಡು ದಿನ ಲೆಕ್ಕ ಹಾಕಿದೆವಲ್ಲ, ಆಗಲೇ.

ನಮ್ಮ ಮೊದಲ ಪ್ಲಾನ್ ಹೇಗಿತ್ತು ಅಂದರೆ, ಎಂಟು ದಿನದಲ್ಲಿ ಕ್ರೈಸ್ಟ್‌ಚರ್ಚ್, ಟೆಕಾಪೊ, ಮೌಂಟ್ ಕುಕ್, ವಾನಾಕ, ಕ್ವೀನ್ಸ್‌ಟೌನ್, ಮಿಲ್ಫರ್ಡ್ ಸೌಂಡ್, ಅಲ್ಲಿಂದ ಪಶ್ಚಿಮ ಕರಾವಳಿಯ ಹಿಮನದಿಗಳು, ವಾಪಸ್ ಕ್ರೈಸ್ಟ್‌ಚರ್ಚ್. ಅಷ್ಟು ದೂರ ಹೋಗಿ ಯಾವುದನ್ನು ಬಿಡೋದು ಅನ್ನಿಸುತ್ತದೆ, ನಿಜ. ಕ್ವೀನ್ಸ್‌ಟೌನ್‌ನಿಂದ ಮಿಲ್ಫರ್ಡ್‌ಗೆ ಸುಮಾರು 290 ಕಿಲೋಮೀಟರ್. ಬೆಂಗಳೂರಿಗೆ ಹೋಗಿ ಬಂದಷ್ಟು ಅಲ್ವಾ ಅಂದುಕೊಳ್ಳುತ್ತೇವೆ. ಆದರೆ ಅದು ಒಂದು ಕಡೆಯ ಲೆಕ್ಕ. ಹೆದ್ದಾರಿ ಅಂದರೂ ಹೋಗಲೊಂದು ಬರಲೊಂದು ಲೇನ್ ಅಷ್ಟೇ, ಕೊನೆಯ ಭಾಗ ಪೂರ್ತಿ ಬೆಟ್ಟದ ತಿರುವು. ಫೋನಿನ ಮ್ಯಾಪ್ ತೋರಿಸುವ ಸಮಯ ಕಾರಿನದು. ಏಳು ಮೀಟರ್ ಉದ್ದದ, ಮೂರು ಮೀಟರ್‌ಗೂ ಎತ್ತರದ ಗಾಡಿಗೆ ಅದರ ಮೇಲೆ ಕಾಲು ಭಾಗವಾದರೂ ಸೇರಿಸಿಕೊಳ್ಳಿ. ನಾವು ಈಗ ಹಾಕಿಕೊಂಡಿರುವ ಲೆಕ್ಕ ದಿನಕ್ಕೆ 200 ಕಿಲೋಮೀಟರ್, ಮಧ್ಯಾಹ್ನ ನಾಲ್ಕರೊಳಗೆ ನಿಲ್ಲಿಸುವ ಜಾಗ ಸೇರಿಬಿಡಬೇಕು. ಇದೊಂದು ಸರಿಯಾದರೆ ನಾನು ಇನ್ನು ಮುಂದೆ ಹೇಳುವ ಅರ್ಧ ವಿಷಯ ತಾನಾಗಿಯೇ ಸರಿಯಾಗುತ್ತದೆ.

ಮೊದಲ ದಿನದ ಕಥೆ ಹೇಳಿಬಿಡುತ್ತೇನೆ. ಜನವರಿ ತಿಂಗಳು. ಸಿಂಗಪುರದ ಮೇಲೆ ಹಾದು ಕ್ರೈಸ್ಟ್‌ಚರ್ಚ್‌ನಲ್ಲಿ ಇಳಿದೆವು. ಅಲ್ಲಿ ಬೇಸಿಗೆ, ಗಡಿಯಾರ ನಮಗಿಂತ ಏಳೂವರೆ ಗಂಟೆ ಮುಂದೆ. ಅಲ್ಲಿ ಬೆಳಗಿನ 11 ಗಂಟೆ ಅಂದರೆ ನಮ್ಮ ಮೈಗೆ ರಾತ್ರಿ ಮೂರೂವರೆ. ಬಿಸಿಲು ಜೋರಾಗಿತ್ತು, ಕಾಫಿ ಕುಡಿದಿದ್ದೆವು, ಚೆನ್ನಾಗೇ ಇದ್ದೇವೆ ಅನ್ನಿಸಿತು. ಒಂದು ಗಂಟೆಗೆ ವ್ಯಾನ್ ತೆಗೆದುಕೊಂಡು ಹೊರಟೇ ಬಿಟ್ಟೆವು. ಕ್ಯಾಂಟರ್ಬರಿ ಬಯಲು ಅಂತ ಅಲ್ಲಿ, ರಸ್ತೆ ಗೆರೆ ಎಳೆದ ಹಾಗೆ ನೇರ, ಎರಡೂ ಕಡೆ ಹಸಿರು, ಕುರಿ, ದನ. ಆಶ್‌ಬರ್ಟನ್ ದಾಟಿದ ಮೇಲೆ ನಾನು ಕಣ್ಣು ಮುಚ್ಚಿದ್ದೆ. ಇದ್ದಕ್ಕಿದ್ದಂತೆ ಹಿಂದಿನ ಕಪಾಟಿನಲ್ಲಿ ತಟ್ಟೆ, ಲೋಟ ಎಲ್ಲ ಗಡಗಡ ಅಂದವು. ಎಡಗಡೆ ಚಕ್ರ ರಸ್ತೆ ಬಿಟ್ಟು ಜಲ್ಲಿಗೆ ಇಳಿದಿತ್ತು. ನಮ್ಮವರಿಗೂ ಆ ಸದ್ದಿಗೇ ಎಚ್ಚರ ಆದದ್ದು. ಸ್ಟಿಯರಿಂಗ್ ಮೆಲ್ಲಗೆ ಎಳೆದುಕೊಂಡರು. ಜೋರಾಗಿ ಎಳೆದಿದ್ದರೆ ಅಷ್ಟು ಎತ್ತರದ ಗಾಡಿ ಮಗುಚಿಕೊಳ್ಳುತ್ತಿತ್ತು. ಮುಂದೆ ಒಂದು ಜಾಗದಲ್ಲಿ ನಿಲ್ಲಿಸಿ ಇಬ್ಬರೂ ಹತ್ತು ನಿಮಿಷ ಮಾತೇ ಆಡಲಿಲ್ಲ. ಆಮೇಲೆ ಎರಡು ಸಲವೂ ಮೊದಲ ರಾತ್ರಿ ಊರಲ್ಲೇ ರೂಮು ಮಾಡಿ, ಮಲಗಿ, ಮಾರನೆಯ ದಿನ ಬೆಳಿಗ್ಗೆ ವ್ಯಾನ್ ತೆಗೆದುಕೊಂಡಿದ್ದೇವೆ. ಒಂದು ರಾತ್ರಿಯ ರೂಮಿನ ಬಾಡಿಗೆ ದುಬಾರಿ ಅಂತ ದಯವಿಟ್ಟು ಯೋಚಿಸಬೇಡಿ.

ಅಲ್ಲೂ ಎಡಗಡೆ ಓಡಿಸುವುದು, ನಮಗೇನು ಕಷ್ಟ ಅಂತ ಒಬ್ಬರು ಕೇಳಿದರು. ಯುರೋಪಿಗಿಂತ ಸುಲಭ, ಹೌದು. ಆದರೆ ಎಡಗಡೆ ಅನ್ನುವ ಆ ಧೈರ್ಯದಲ್ಲೇ ನಮ್ಮ ಉಳಿದ ಅಭ್ಯಾಸಗಳೂ ಜೊತೆಗೇ ಬಂದುಬಿಡುತ್ತವೆ. ನಮ್ಮ ಕಡೆ ಮುಂದಿನ ಲಾರಿಯವನು ಬಲಗಡೆ ಇಂಡಿಕೇಟರ್ ಹಾಕಿದರೆ ಏನರ್ಥ? ಎಷ್ಟೋ ಸಲ 'ರಸ್ತೆ ಖಾಲಿ ಇದೆ, ನೀನು ಮುಂದೆ ಹೋಗು' ಅಂತ. ಅಲ್ಲಿ ಬಲಗಡೆ ಇಂಡಿಕೇಟರ್ ಅಂದರೆ ಅವನು ಬಲಕ್ಕೆ ತಿರುಗುತ್ತಾನೆ, ಅಷ್ಟೇ. ನಾವು ಓವರ್‌ಟೇಕ್ ಮಾಡಲು ಹೋದರೆ ನೇರ ಅವನ ಬಾಗಿಲಿಗೇ. ಹೆಡ್‌ಲೈಟ್ ಮಿಟುಕಿಸುವುದೂ ಹಾಗೆ. ನಾವು 'ನಾನು ಬರ್ತಿದ್ದೀನಿ, ನಿಲ್ಲು' ಅಂತ ಮಿಟುಕಿಸುತ್ತೇವೆ. ಅಲ್ಲಿ ಅದನ್ನು 'ನೀವೇ ಹೋಗಿ' ಅಂತ ತಿಳಿದುಕೊಳ್ಳುವವರು ಜಾಸ್ತಿ. ಇಬ್ಬರೂ ಒಟ್ಟಿಗೆ ನುಗ್ಗಿದರೆ ಏನಾಗುತ್ತದೆ ಯೋಚಿಸಿ. ಇನ್ನು ಸ್ಟಾಪ್ ಅಂತ ಬರೆದಿದ್ದರೆ ರಸ್ತೆಯಲ್ಲಿ ಒಂದು ನರಪಿಳ್ಳೆ ಇಲ್ಲದಿದ್ದರೂ ಚಕ್ರ ಪೂರ್ತಿ ನಿಲ್ಲಬೇಕು. ವೃತ್ತದಲ್ಲಿ ಬಲಗಡೆಯಿಂದ ಬರುವವರಿಗೆ ದಾರಿ. ನಡುವಿನ ಗೆರೆ ನಿಮ್ಮ ಕಡೆ ಹಳದಿ ಇದ್ದರೆ ಓವರ್‌ಟೇಕ್ ಇಲ್ಲ.

ಅಲ್ಲಿಯ ಒಂದು ವಿಶೇಷ ಅಂದರೆ ಒಂದೇ ಲೇನಿನ ಸೇತುವೆಗಳು. ಪಶ್ಚಿಮ ಕರಾವಳಿಯಲ್ಲಂತೂ ಹಳ್ಳ ಹಳ್ಳಕ್ಕೂ ಒಂದೊಂದು. ಎರಡೂ ಕಡೆಯವರು ಒಂದೇ ಹಾದಿಯಲ್ಲಿ ದಾಟಬೇಕು. ಬೋರ್ಡ್ ನೋಡಿ ಕಲಿತುಕೊಳ್ಳಿ. ಕೆಂಪು ವೃತ್ತದೊಳಗೆ ನಿಮ್ಮ ಬಾಣ ಕೆಂಪಾಗಿ ಚಿಕ್ಕದಾಗಿದ್ದರೆ ನೀವು ಕಾಯಬೇಕು. ನೀಲಿ ಬೋರ್ಡಿನಲ್ಲಿ ನಿಮ್ಮ ಬಾಣ ಬಿಳಿಯಾಗಿ ದೊಡ್ಡದಾಗಿದ್ದರೆ ನಿಮಗೆ ಮೊದಲ ದಾರಿ. ಮೊದಲ ದಾರಿ ಇದ್ದರೂ ಆ ತುದಿಯಿಂದ ಯಾರಾದರೂ ಆಗಲೇ ಹತ್ತಿದ್ದರೆ ನಿಂತುಬಿಡಿ. ಆ ತುದಿಯಲ್ಲೂ ನಮ್ಮ ಹಾಗೆ ಹೊಸಬರೇ ಇರಬಹುದು.

ವೇಗದ ಮಿತಿ ಊರಾಚೆ ಸಾಮಾನ್ಯವಾಗಿ 100, ಆದರೆ 3,500 ಕಿಲೋಗಿಂತ ಭಾರದ ಗಾಡಿಗೆ 90. ಆರು ಜನ ಮಲಗುವ ದೊಡ್ಡ ವ್ಯಾನ್‌ಗಳು ಎಷ್ಟೋ ಈ ಲೆಕ್ಕಕ್ಕೇ ಬರುತ್ತವೆ. ಗಾಡಿ ಕೊಡುವಾಗಲೇ ಕೇಳಿಕೊಳ್ಳಿ. ಮಿತಿ 100 ಇದೆ ಅಂತ ಆ ತಿರುವುಗಳಲ್ಲಿ 100ರಲ್ಲಿ ಹೋಗಬೇಕು ಅಂತಲ್ಲ. ತಿರುವಿನ ಮೊದಲು ಹಳದಿ ಬೋರ್ಡಿನಲ್ಲಿ 45, 35 ಅಂತ ಬರೆದಿರುತ್ತಾರೆ, ಅದನ್ನು ನಂಬಿ. ಹಿಂದೆ ನಾಲ್ಕು ಕಾರು ಸೇರಿಕೊಂಡವು ಅಂದರೆ ನಮಗೆ ಒತ್ತಡ ಶುರುವಾಗುತ್ತದೆ, ಕಾಲು ತಾನಾಗಿ ಎಕ್ಸಲರೇಟರ್ ಒತ್ತುತ್ತದೆ. ಅದನ್ನು ಮಾಡಬೇಡಿ. ಅಗಲವಾದ ಜಾಗ ಸಿಕ್ಕಿದ ಕೂಡಲೇ ಎಡಕ್ಕೆ ತೆಗೆದು ಅವರನ್ನು ಬಿಟ್ಟುಬಿಡಿ. ಬಹಳ ಜನ ಸಣ್ಣಗೆ ಹಾರನ್ ಹೊಡೆದು ಕೈ ಎತ್ತಿ ಹೋಗುತ್ತಾರೆ. ಅದು ಬೈಗುಳ ಅಲ್ಲ, ಥ್ಯಾಂಕ್ಸ್.

ಇಳಿಜಾರಿನ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ. ವಾನಾಕದಿಂದ ಕ್ವೀನ್ಸ್‌ಟೌನ್‌ಗೆ ಕ್ರೌನ್ ರೇಂಜ್ ಮೇಲೆ ಒಂದು ರಸ್ತೆ ಇದೆ, ತುದಿಯಲ್ಲಿ ಸಾವಿರ ಮೀಟರಿಗೂ ಜಾಸ್ತಿ ಎತ್ತರ. ಹತ್ತುವುದು ಗೊತ್ತೇ ಆಗುವುದಿಲ್ಲ. ಇಳಿಯುವುದು ಮಾತ್ರ ಆಗುಂಬೆ ಘಾಟಿಯ ಹಾಗೆ ಹೊರಳಿ ಹೊರಳಿ. ನಮ್ಮ ವ್ಯಾನ್ ಆಟೊಮ್ಯಾಟಿಕ್. ನಮ್ಮವರು ಮೂವತ್ತು ವರ್ಷ ಗೇರ್ ಗಾಡಿ ಓಡಿಸಿದವರು, ಘಾಟಿಯಲ್ಲಿ ಎರಡನೇ ಗೇರಿನಲ್ಲೇ ಇಳಿಸುವವರು. ಆದರೆ ಆಟೊಮ್ಯಾಟಿಕ್ ಅಂದ ಕೂಡಲೇ ಗೇರಿನ ಯೋಚನೆಯೇ ಬಿಟ್ಟುಹೋಗುತ್ತದೆ, ಬರೀ ಬ್ರೇಕ್ ಮೇಲೆ ಕಾಲು. ಮೂರನೇ ತಿರುವಿನಲ್ಲಿ ವಾಸನೆ ಬಂತು. ಸುಟ್ಟ ರಬ್ಬರ್ ಅಲ್ಲ, ಕಾದ ಕಬ್ಬಿಣ, ಸುಟ್ಟ ಬಟ್ಟೆ ಎರಡೂ ಸೇರಿದ ಥರ. ಬ್ರೇಕ್ ಒತ್ತಿದರೆ ಮೊದಲಿಗಿಂತ ಆಳಕ್ಕೆ ಹೋಗುತ್ತಿತ್ತು. ಪುಣ್ಯಕ್ಕೆ ನಿಲ್ಲಿಸುವ ಜಾಗ ಪಕ್ಕದಲ್ಲೇ ಸಿಕ್ಕಿತು. ಮುಕ್ಕಾಲು ಗಂಟೆ ಆರಲು ಬಿಟ್ಟೆವು. ಆಮೇಲೆ ಗೇರಿನ ಹಿಡಿಯನ್ನು ಮ್ಯಾನ್ಯುಯಲ್ ಕಡೆ ತಳ್ಳಿ, ಮೈನಸ್ ಒತ್ತಿ ಎರಡನೇ ಗೇರಿಗೆ ಇಳಿಸಿ, ಎಂಜಿನ್ ಹಿಡಿತದಲ್ಲೇ ಕೆಳಗೆ ಬಂದೆವು. ಗಾಡಿ ಪೂರ್ತಿ ತುಂಬಿದಾಗ ನೀರಿನ ಟ್ಯಾಂಕು, ಬಟ್ಟೆ, ದಿನಸಿ, ಜನ ಎಲ್ಲ ಸೇರಿ ಎಷ್ಟು ಭಾರ ಆಗಿರುತ್ತದೆ ಅನ್ನುವುದು ಇಳಿಯುವಾಗಲೇ ತಿಳಿಯುವುದು. ಹಾಗಾಗಿ ವ್ಯಾನ್ ಕೈಗೆ ಬಂದ ದಿನವೇ, ಸಮತಟ್ಟಾದ ರಸ್ತೆಯಲ್ಲೇ, ಗೇರನ್ನು ಕೈಯಲ್ಲಿ ಇಳಿಸುವುದು ಹೇಗೆ ಅಂತ ಮಾಡಿ ನೋಡಿ. ಆ ರಸ್ತೆ ಬೇಡವೆನಿಸಿದರೆ ಕ್ರಾಮ್‌ವೆಲ್ ಮೇಲೆ ಸುತ್ತಿಕೊಂಡು ಬರುವ ಹೆದ್ದಾರಿ ಇದೆ. ಈಗ ನಾವು ಅದರಲ್ಲೇ ಬರುವುದು. ಮತ್ತೆ ಸ್ಕಿಪ್ಪರ್ಸ್ ರೋಡ್, ಉತ್ತರ ದ್ವೀಪದ ನೈಂಟಿ ಮೈಲ್ ಬೀಚ್ ಇಂಥ ಕಡೆಗೆ ಬಾಡಿಗೆ ಗಾಡಿಯ ಇನ್ಶೂರೆನ್ಸ್ ಸಾಮಾನ್ಯವಾಗಿ ನಡೆಯುವುದೇ ಇಲ್ಲ. ಕರಾರಿನಲ್ಲಿ ಹೆಸರು ಹಾಕಿಯೇ ಬರೆದಿರುತ್ತಾರೆ, ಓದಿ ಸಹಿ ಹಾಕಿ. ಗಾಡಿಯ ಮಾಡು ಅಂದರೆ ಚಾವಣಿ ತಾಗಿದ್ದು, ತಳ ತಾಗಿದ್ದು ಇವೂ ಎಷ್ಟೋ ಪಾಲಿಸಿಗಳಲ್ಲಿ ಹೊರಗೆ.

ಗಾಳಿ. ಇದು ನಮ್ಮ ಕಡೆಯ ಜನರಿಗೆ ಹೊಳೆಯುವುದೇ ಇಲ್ಲ. ಕ್ಯಾಂಟರ್ಬರಿ, ಮೆಕೆಂಝಿ ಕಡೆ ವಾಯವ್ಯದಿಂದ ಬೆಟ್ಟ ದಾಟಿ ಬೀಸುವ ಗಾಳಿಗೆ ಅಲ್ಲಿಯವರು ನಾರ್‌ವೆಸ್ಟರ್ ಅನ್ನುತ್ತಾರೆ. ಬಿಸಿಲು ಚೆನ್ನಾಗಿಯೇ ಇರುತ್ತದೆ, ಆಕಾಶ ನೀಲಿ, ಆದರೆ ವ್ಯಾನ್ ಹಾಯಿದೋಣಿಯ ಹಾಗೆ ಪಕ್ಕಕ್ಕೆ ಸರಿಯುತ್ತದೆ. ಎದುರಿನಿಂದ ಲಾರಿ ಹಾದುಹೋದಾಗ ಒಂದು ಕ್ಷಣ ಗಾಳಿ ನಿಂತು ಮತ್ತೆ ರಪ್ಪನೆ ಹೊಡೆಯುತ್ತದೆ. ಮೆಟ್‌ಸರ್ವಿಸ್‌ನವರ ಹವಾಮಾನ ಎಚ್ಚರಿಕೆಯಲ್ಲಿ ಎತ್ತರದ ಗಾಡಿಗಳು ಜಾಗ್ರತೆ ಅಂತ ಬಂದಿದ್ದರೆ ಅದು ನಿಮಗೇ ಹೇಳಿದ್ದು. ಅವತ್ತು ಹೊರಡಬೇಡಿ. ಬಾಗಿಲು ತೆರೆಯುವಾಗ ಕೈಯಲ್ಲಿ ಗಟ್ಟಿಯಾಗಿ ಹಿಡಿದೇ ತೆರೆಯಿರಿ. ಗಾಳಿ ಬಾಗಿಲನ್ನು ಕಿತ್ತುಕೊಂಡರೆ ಕೀಲು ಮುರಿಯುವುದು ಒಂದು ಕಡೆ, ಪಕ್ಕದಲ್ಲಿ ಮಗು ನಿಂತಿದ್ದರೆ ಇನ್ನೊಂದು ಕಡೆ.

ಈಗ ಕ್ಯಾಂಪರ್‌ವ್ಯಾನ್‌ಗೇ ಸೇರಿದ ವಿಷಯ. ಅದು ಮನೆಯೂ ಹೌದು, ಗಾಡಿಯೂ ಹೌದು. ಮನೆಯನ್ನು ಗಾಡಿ ಮಾಡುವ ಐದು ನಿಮಿಷ ಇದೆಯಲ್ಲ, ಬೆಳಿಗ್ಗೆ ತಿಂಡಿ ಮುಗಿಸಿ ಹೊರಡುವ ಹೊತ್ತು, ಎಡವಟ್ಟು ಆಗುವುದು ಅಲ್ಲಿ. ಕರೆಂಟಿನ ಕೇಬಲ್ ಸಿಕ್ಕಿಸಿಕೊಂಡೇ ಹೊರಟವರನ್ನು ನೋಡಿದ್ದೇನೆ. ಮಾಡಿನ ಕಿಟಕಿ ತೆರೆದೇ ಹೋದರೆ ಹೆದ್ದಾರಿಯ ಗಾಳಿಗೆ ಅದು ಹಾರಿಹೋಗಿ ಹಿಂದಿನ ಕಾರಿನ ಮೇಲೆ ಬೀಳುತ್ತದೆ. ನಾವು ಮಾಡುವುದು ಇಷ್ಟು. ಒಬ್ಬರು ಕೈಯಲ್ಲಿ ಮುಟ್ಟುತ್ತಾ ಬಾಯಲ್ಲಿ ಜೋರಾಗಿ ಹೇಳುವುದು, ಇನ್ನೊಬ್ಬರು ಕೇಳಿಸಿಕೊಳ್ಳುವುದು. 'ಗ್ಯಾಸ್ ಬಂದ್. ಮಾಡಿನ ಕಿಟಕಿ ಬಂದ್. ಫ್ರಿಜ್ ಚಿಲಕ ಹಾಕಿದೆ. ಕಪಾಟು ಹಾಕಿದೆ. ಚಾಕು ಒಳಗಿದೆ. ಕೇಬಲ್ ಒಳಗೆ. ಮೆಟ್ಟಿಲು ಒಳಗೆ.' ಆಮೇಲೆ ಒಬ್ಬರು ಇಳಿದು ಗಾಡಿಯ ಸುತ್ತ ಒಂದು ಪೂರ್ತಿ ಸುತ್ತು. ಮೊಮ್ಮಗಳು ಬಂದಾಗ ಈ ಕೆಲಸವನ್ನು ಅವಳಿಗೇ ಕೊಟ್ಟಿದ್ದೆವು. ಅವಳು ಒಂದು ದಿನವೂ ಒಂದು ವಸ್ತುವನ್ನೂ ಬಿಡಲಿಲ್ಲ.

ಅವಳ ಸೀಟಿನ ವಿಷಯವೂ ಹೇಳಬೇಕು. ಅಲ್ಲಿ ಏಳು ವರ್ಷ ತುಂಬದ ಮಕ್ಕಳಿಗೆ ಮಕ್ಕಳ ಸೀಟು ಕಡ್ಡಾಯ. ಎಲ್ಲ ವ್ಯಾನಿನಲ್ಲೂ ಅದನ್ನು ಕಟ್ಟುವ ವ್ಯವಸ್ಥೆ ಇರುವುದಿಲ್ಲ, ಬುಕ್ ಮಾಡುವಾಗಲೇ ಕೇಳಿ. ಗಾಡಿ ಓಡುವಾಗ ಯಾರೂ ಹಿಂದೆ ಮಲಗುವ ಹಾಗಿಲ್ಲ, ಎದ್ದು ಚಹಾ ಮಾಡುವ ಹಾಗಿಲ್ಲ, ಎಲ್ಲರೂ ಬೆಲ್ಟ್ ಹಾಕಿ ಕೂತಿರಬೇಕು. ಹಾಸಿಗೆ ಇದೆಯಲ್ಲ, ಅಜ್ಜಿ ಸ್ವಲ್ಪ ಒರಗಿಕೊಳ್ಳಲಿ ಅಂತ ನಮಗೆ ಅನ್ನಿಸುತ್ತದೆ. ಅಜ್ಜಿ ಸುಸ್ತಾಗಿದ್ದರೆ ಗಾಡಿ ನಿಲ್ಲಿಸಿ ಎಲ್ಲರೂ ಒರಗಿಕೊಳ್ಳಿ.

ಅಡುಗೆಗೆ ಬರೋಣ. ಈ ಭಾಗ ನಮ್ಮ ಕಡೆಯ ಜನರಿಗಾಗಿಯೇ ಹೇಳುತ್ತಿದ್ದೇನೆ, ಯಾಕೆಂದರೆ ಬಾಡಿಗೆ ಕೊಡುವವರು ಒಗ್ಗರಣೆಯ ಬಗ್ಗೆ ಹೇಳಿಕೊಡುವುದಿಲ್ಲ. ವ್ಯಾನಿನೊಳಗೆ ಸಾಸಿವೆ ಸಿಡಿಸಿ ಒಣಮೆಣಸಿನಕಾಯಿ ಹಾಕಿದರೆ ಅರ್ಧ ನಿಮಿಷದಲ್ಲಿ ಹೊಗೆಯ ಅಲಾರಂ ಕಿರುಚಲು ಶುರು ಮಾಡುತ್ತದೆ. ಕಿವಿ ಹರಿಯುವಂಥ ಸದ್ದು. ಆಗ ಎಲ್ಲರೂ ಮಾಡುವ ಕೆಲಸ ಒಂದೇ, ಅಲಾರಂ ಬಿಚ್ಚಿ ಬ್ಯಾಟರಿ ತೆಗೆದು ಡ್ರಾಯರಿಗೆ ಹಾಕುವುದು. ಅದು ಡ್ರಾಯರಿನಲ್ಲೇ ಉಳಿದುಬಿಡುತ್ತದೆ. ನಾವೂ ಮೊದಲ ಪ್ರವಾಸದಲ್ಲಿ ಮೂರು ರಾತ್ರಿ ಬ್ಯಾಟರಿ ಇಲ್ಲದ ಅಲಾರಂ ಕೆಳಗೆ ಮಲಗಿದ್ದೆವು. ಅದು ಗೊತ್ತಾದಾಗ ನನಗೆ ನಿಜವಾಗಿ ಕೈಕಾಲು ತಣ್ಣಗಾಯಿತು.

ರಾತ್ರಿ ಬೆಂಕಿ ಹತ್ತಿದ್ದರೆ ನಮ್ಮನ್ನು ಎಬ್ಬಿಸಲು ಏನೂ ಇರುತ್ತಿರಲಿಲ್ಲ. ಬೆಂಕಿಯ ಜೊತೆಗೆ, ವ್ಯಾನಿನಲ್ಲಿ ಗ್ಯಾಸಿನಿಂದ ಇನ್ನೂ ಎರಡು ಬೇರೆ ಬೇರೆ ಅಪಾಯ, ಹೊಗೆಯ ಅಲಾರಂಗೆ ಅವು ತಿಳಿಯುವುದಿಲ್ಲ. ಒಂದು, ಸೋರಿದ ಎಲ್‌ಪಿಜಿ. ಅದು ಗಾಳಿಗಿಂತ ಭಾರ, ನೆಲಕ್ಕೆ ಇಳಿದು ಅಲ್ಲೇ ನಿಲ್ಲುತ್ತದೆ, ಆದ್ದರಿಂದ ಅದರ ಅಲಾರಂ ಕೆಳಗೆ ನೆಲದ ಹತ್ತಿರ ಇರುತ್ತದೆ. ಅದಕ್ಕೆ ವಾಸನೆ ಸೇರಿಸಿರುತ್ತಾರೆ, ಮೂಗಿಗೆ ತಿಳಿಯುತ್ತದೆ. ನೆಲದಲ್ಲಿ ಗಾಳಿ ಹೋಗಲು ಬಿಟ್ಟ ಕಂಡಿ ಇದ್ದರೆ ಚಳಿ ಬರುತ್ತದೆ ಅಂತ ಬಟ್ಟೆ ತುರುಕಬೇಡಿ, ಸೋರಿದ ಗ್ಯಾಸ್ ಹೊರಗೆ ಹೋಗಲಿ ಅಂತಲೇ ಅದನ್ನು ಇಟ್ಟಿರುವುದು. ಇನ್ನೊಂದು ಕಾರ್ಬನ್ ಮಾನಾಕ್ಸೈಡ್. ಉರಿಯುವ ಒಲೆಗೆ ಸಾಕಷ್ಟು ಗಾಳಿ ಸಿಗದಿದ್ದಾಗ ಹುಟ್ಟುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ. ತಲೆನೋವು, ಹೊಟ್ಟೆ ತೊಳೆಸು, ಮಂಪರು ಬರುತ್ತದೆ, ನಾವು ಘಾಟಿ ತಿರುವಿನದ್ದೋ ಶೀತದ್ದೋ ಅಂದುಕೊಂಡು ಮಲಗಿಬಿಡುತ್ತೇವೆ. ಒಬ್ಬರಿಗಲ್ಲ, ಒಳಗಿದ್ದ ಇಬ್ಬರಿಗೂ ಒಟ್ಟಿಗೇ ತಲೆನೋವು ಅಂದರೆ ಬಾಗಿಲು ತೆರೆದು ಮೊದಲು ಹೊರಗೆ ಬನ್ನಿ. ಮಾತ್ರೆ ಹುಡುಕುವುದು ಆಮೇಲೆ. ಚಳಿ ಅಂತ ಗ್ಯಾಸ್ ಒಲೆ ಹಚ್ಚಿಟ್ಟು ಒಳಗೆ ಬಿಸಿ ಮಾಡಿಕೊಳ್ಳುವುದು, ಎಂಜಿನ್ ಆನ್ ಇಟ್ಟು ಮಲಗುವುದು, ಎರಡೂ ಕೂಡದು. ಮಲಗುವಾಗಿನ ಬಿಸಿಗೆ ವ್ಯಾನಿನದೇ ಹೀಟರ್ ಇರುತ್ತದೆ, ಅದರ ಹೊಗೆ ಹೊರಗೆ ಹೋಗುತ್ತದೆ. ಇಲ್ಲದಿದ್ದರೆ ಇನ್ನೊಂದು ಹೊದಿಕೆ, ಒಂದು ಬಿಸಿನೀರಿನ ಚೀಲ.

ಒಗ್ಗರಣೆ ಬಿಡಬೇಕಾ ಹಾಗಾದರೆ ಅಂತ ಒಬ್ಬರು ಬೇಜಾರಿನಲ್ಲೇ ಕೇಳಿದರು. ಬೇಕಾಗಿಲ್ಲ. ಹಾಲಿಡೇ ಪಾರ್ಕ್ ಅಂತ ಇರುತ್ತವಲ್ಲ, ವ್ಯಾನ್ ನಿಲ್ಲಿಸುವ ಜಾಗ, ಅಲ್ಲಿ ಎಲ್ಲರಿಗೂ ಸೇರಿ ಒಂದು ದೊಡ್ಡ ಅಡುಗೆಮನೆ ಇರುತ್ತದೆ. ನಾವು ಎರಡು ದಿನಕ್ಕೊಮ್ಮೆ ಅಲ್ಲಿ ಸಾರು, ಹುಳಿ ಮಾಡಿಟ್ಟುಕೊಳ್ಳುತ್ತೇವೆ. ಊರಿಂದಲೇ ಒಗ್ಗರಣೆ ಹಾಕಿದ ಗೊಜ್ಜವಲಕ್ಕಿ ಪುಡಿ ಒಯ್ದರೆ ಇನ್ನೂ ಸುಲಭ. ತಿನ್ನುವ ಪದಾರ್ಥ ಏನೇ ಒಯ್ದರೂ ವಿಮಾನ ನಿಲ್ದಾಣದಲ್ಲಿ ಫಾರಂನಲ್ಲಿ ಬರೆದು ತೋರಿಸಿ, ಮುಚ್ಚಿಟ್ಟರೆ ಸ್ಥಳದಲ್ಲೇ 400 ಡಾಲರ್ ದಂಡ. ವ್ಯಾನಿನಲ್ಲಿ ಬರೀ ಅನ್ನ, ಹಾಲು, ಚಹಾ, ಅದೂ ಮಾಡಿನ ಕಿಟಕಿ ತೆರೆದು. ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಬೇಡಿ, ಗೋಡೆಗೆ ನೇತುಹಾಕಿರುವ ಫೈರ್ ಬ್ಲಾಂಕೆಟ್ ಮುಚ್ಚಿ, ಗ್ಯಾಸ್ ಬಂದ್ ಮಾಡಿ. ದೇವರಿಗೆ ದೀಪ ಹಚ್ಚುವವರು ದಯವಿಟ್ಟು ಬ್ಯಾಟರಿ ದೀಪ ಇಟ್ಟುಕೊಳ್ಳಿ. ಪರದೆ, ಹಾಸಿಗೆ, ಪ್ಲಾಸ್ಟಿಕ್ ಎಲ್ಲ ಒಂದು ಮೊಳದಲ್ಲಿದೆ. ನಮ್ಮ ಅತ್ತೆ ಬದುಕಿದ್ದಿದ್ದರೂ ಇದಕ್ಕೆ ಒಪ್ಪುತ್ತಿದ್ದರು ಅನ್ನಿಸುತ್ತದೆ. ಉತ್ತರ ದ್ವೀಪದಿಂದ ದಕ್ಷಿಣಕ್ಕೆ ವೆಲಿಂಗ್ಟನ್‌ನಿಂದ ಪಿಕ್ಟನ್‌ಗೆ ಹಡಗಿನಲ್ಲಿ ವ್ಯಾನ್ ಸಾಗಿಸುವವರು ಹತ್ತುವ ಮೊದಲೇ ಸಿಲಿಂಡರಿನ ಬಾಯಿ ಮುಚ್ಚಬೇಕು, ಅದು ಅಲ್ಲಿಯ ನಿಯಮ.

ಎಲ್ಲಿ ಮಲಗುವುದು? ಸಿಕ್ಕಸಿಕ್ಕಲ್ಲಿ ನಿಲ್ಲಿಸಿ ಮಲಗಬಹುದು ಅನ್ನುವುದು ಹಳೆಯ ಮಾತು. ಅದಕ್ಕೆ ಫ್ರೀಡಂ ಕ್ಯಾಂಪಿಂಗ್ ಅನ್ನುತ್ತಾರೆ, 2011ರಿಂದ ಕಾಯ್ದೆ ಇದೆ, 2023ರಲ್ಲಿ ಇನ್ನೂ ಬಿಗಿ ಮಾಡಿದ್ದಾರೆ. ವ್ಯಾನಿನಲ್ಲಿ ಕೂರಿಸಿದ ಶೌಚಾಲಯ ಇರಬೇಕು, ಗಾಡಿ ನಿಯಮದಂತಿದೆ ಅಂತ ತೋರಿಸುವ ಹಸಿರು ವಾರಂಟ್ ಅನ್ನುವ ಚೀಟಿ ಇರಬೇಕು. ಬೇಡ ಅಂದ ಕಡೆ ನಿಲ್ಲಿಸಿದರೆ 400 ಡಾಲರ್ ಅಥವಾ ಜಾಸ್ತಿ ದಂಡ. ನನ್ನ ಅಭಿಪ್ರಾಯ ಕೇಳಿದರೆ, ಮೊದಲ ಸಲ ಹೋಗುವವರು ದುಡ್ಡು ಕೊಟ್ಟು ಹಾಲಿಡೇ ಪಾರ್ಕ್‌ನಲ್ಲೇ ಅಥವಾ ಸರ್ಕಾರದ ಸಂರಕ್ಷಣಾ ಇಲಾಖೆಯ ಕ್ಯಾಂಪ್‌ನಲ್ಲೇ ನಿಲ್ಲಿಸಿ. ಅಕ್ಕಪಕ್ಕ ಜನ ಇರುತ್ತಾರೆ, ರಾತ್ರಿ ಎದೆ ನೋವು ಅಂದರೆ ಬಾಗಿಲು ತಟ್ಟಲು ಒಂದು ಬಾಗಿಲು ಇರುತ್ತದೆ. ನಮ್ಮ ವಯಸ್ಸಿನವರಿಗೆ ಅದು ಸಣ್ಣ ವಿಷಯ ಅಲ್ಲ.

ಜಾಗ ಆರಿಸುವಾಗ ಮೇಲೆ ನೋಡಿ, ಕೆಳಗೆ ನೋಡಿ. 2024ರ ಜುಲೈನಲ್ಲಿ ಅಂಕೋಲದ ಶಿರೂರಿನಲ್ಲಿ ಏನಾಯಿತು ಅಂತ ನಮಗೆಲ್ಲ ಗೊತ್ತು. ಗುಡ್ಡದ ಬುಡದಲ್ಲಿ ಚಹಾ ಅಂಗಡಿ, ಲಾರಿ ನಿಲ್ಲಿಸಿಕೊಂಡವರು, ಮಳೆ, ಗುಡ್ಡ ಜಾರಿತು. ನ್ಯೂಜಿಲೆಂಡ್‌ನ ಹಾಸ್ಟ್ ಕಣಿವೆಯೂ ಅಂಥದ್ದೇ. 2013ರ ಸೆಪ್ಟೆಂಬರ್‌ನಲ್ಲಿ ಅಲ್ಲಿ ಬಿರುಮಳೆಯ ರಾತ್ರಿ ಗುಡ್ಡ ಕುಸಿದು, ಕ್ಯಾಂಪರ್‌ವ್ಯಾನ್‌ನಲ್ಲಿದ್ದ ಕೆನಡಾದ ಇಬ್ಬರು ನದಿಗೆ ಕೊಚ್ಚಿಹೋಗಿ ತೀರಿಕೊಂಡರು. ಆಮೇಲೆ ಎಷ್ಟೋ ತಿಂಗಳು ಆ ರಸ್ತೆಯನ್ನು ರಾತ್ರಿ ಮುಚ್ಚುತ್ತಿದ್ದರು. ಆ ಕಡೆಯ ಮಳೆ ನಮ್ಮ ಮಲೆನಾಡಿನ ಮಳೆಯ ಅಣ್ಣತಮ್ಮ. ಮಿಲ್ಫರ್ಡ್ ಸೌಂಡ್‌ನಲ್ಲಿ ವರ್ಷಕ್ಕೆ 6 ಮೀಟರಿಗೂ ಜಾಸ್ತಿ ಬೀಳುತ್ತದೆ, ಆಗುಂಬೆಯ ಆಸುಪಾಸಿನ ಲೆಕ್ಕ. ಮಲೆನಾಡಿನವರಾದರೆ ನಿಮಗೆ ಗೊತ್ತಿರುವುದನ್ನೇ ಅಲ್ಲೂ ಮಾಡಿ. ಕಡಿದ ಗುಡ್ಡದ ಕೆಳಗೆ ನಿಲ್ಲಿಸಬೇಡಿ, ಹಳ್ಳದ ಮಟ್ಟದಲ್ಲಿ ಮಲಗಬೇಡಿ, ನೀರು ಕೆಂಪಗಾದರೆ ಜಾಗ ಬಿಡಿ. ಬೆಳಿಗ್ಗೆ ಹೊರಡುವ ಮುಂಚೆ ಅಲ್ಲಿಯ ಸಾರಿಗೆ ಇಲಾಖೆಯ ಜರ್ನಿ ಪ್ಲ್ಯಾನರ್ ತೆರೆದು ರಸ್ತೆ ತೆರೆದಿದೆಯಾ ನೋಡಿ. ಒಮ್ಮೆ ಫಾಕ್ಸ್ ಗ್ಲೇಸಿಯರ್ ಊರಿನಲ್ಲಿ ಮಳೆಗೆ ಎರಡು ದಿನ ಕೂತೇ ಇದ್ದೆವು. ಮಾಡಿನ ಮೇಲೆ ಮಳೆ ಸುರಿಯುವ ಸದ್ದು, ಒಳಗೆ ಬಿಸಿ ಹುರುಳಿ ಸಾರು. ಅದೂ ಪ್ರವಾಸವೇ.

ಸಮುದ್ರದ ಪಕ್ಕ ಮಲಗಿದರೆ ಇನ್ನೊಂದು ವಿಷಯ ನೆನಪಿರಲಿ. ಅದು ಭೂಕಂಪದ ನಾಡು. 2016ರ ನವೆಂಬರ್ 14ರ ನಡುರಾತ್ರಿ ಕೈಕೌರದಲ್ಲಿ 7.8ರ ಭೂಕಂಪ ಆಗಿ ಸುನಾಮಿಯೂ ಬಂತು, ಕರಾವಳಿ ಹೆದ್ದಾರಿ ಒಂದು ವರ್ಷಕ್ಕೂ ಹೆಚ್ಚು ಮುಚ್ಚಿತ್ತು. ನೆಲ ಒಂದು ನಿಮಿಷಕ್ಕಿಂತ ಜಾಸ್ತಿ ನಡುಗಿದರೆ, ಅಥವಾ ನಿಲ್ಲಲಾಗದಷ್ಟು ಜೋರಾಗಿ ನಡುಗಿದರೆ, ಸೈರನ್‌ಗೆ ಕಾಯದೆ ಎತ್ತರದ ಜಾಗಕ್ಕೆ ಹೋಗಬೇಕು ಅಂತ ಅಲ್ಲಿ ಮಕ್ಕಳಿಗೂ ಕಲಿಸಿರುತ್ತಾರೆ. ಸಾಧ್ಯವಾದರೆ ಗಾಡಿ ಬಿಟ್ಟು ನಡೆದೇ ಹೋಗಿ, ರಸ್ತೆ ಬಿರಿದಿರಬಹುದು. ಸಂಜೆ ನಿಲ್ಲಿಸಿದ ಕೂಡಲೇ ಎತ್ತರದ ಜಾಗ ಯಾವ ಕಡೆ ಅಂತ ಒಮ್ಮೆ ನೋಡಿಟ್ಟುಕೊಳ್ಳಿ, ಅಷ್ಟು ಸಾಕು.

ಮಿಲ್ಫರ್ಡ್ ರಸ್ತೆಗೆ ಹೋಗುವವರಿಗೆ ಎರಡು ಮಾತು. ಟೆ ಆನಾವುನಲ್ಲಿ ಟ್ಯಾಂಕು ತುಂಬಿಸಿ, ಮುಂದೆ ಸುಮಾರು 120 ಕಿಲೋಮೀಟರ್‌ನಲ್ಲಿ ಊರೇ ಇಲ್ಲ, ಫೋನೂ ಎಷ್ಟೋ ಕಡೆ ಸಿಗುವುದಿಲ್ಲ. ಹೋಮರ್ ಸುರಂಗ 1.2 ಕಿಲೋಮೀಟರ್ ಉದ್ದ, ಒಳಗೇ ಇಳಿಜಾರು, ಬಂಡೆ ಕೊರೆದ ಹಾಗೇ ಬಿಟ್ಟಿದ್ದಾರೆ, ಹೊರಗಿನ ಬಿಸಿಲಿಂದ ಒಳಗೆ ಹೋದರೆ ಕಣ್ಣು ಕತ್ತಲೆ ಬರುತ್ತದೆ. ತಂಪು ಕನ್ನಡಕ ಮೊದಲೇ ತೆಗೆದು ಲೈಟ್ ಹಾಕಿ. ಚಳಿಗಾಲದಲ್ಲಿ, ಅಂದರೆ ನಮ್ಮ ಬೇಸಿಗೆ ರಜೆ ಮುಗಿದ ಮೇಲಿನ ತಿಂಗಳುಗಳಲ್ಲಿ, ಹಿಮ ಕುಸಿಯುವ ಜಾಗಗಳಲ್ಲಿ ನಿಲ್ಲಿಸಬಾರದು ಅಂತ ಬೋರ್ಡ್ ಇರುತ್ತದೆ, ಚಕ್ರಕ್ಕೆ ಸರಪಳಿ ಒಯ್ಯಬೇಕಾಗುತ್ತದೆ. ಆ ಕಾಲದಲ್ಲಿ ನಾವಂತೂ ಅಲ್ಲಿಗೆ ಬಸ್ಸಿನಲ್ಲೇ ಹೋದೆವು. ಸುರಂಗದ ಹತ್ತಿರ ಕೀಯಾ ಅನ್ನುವ ಹಸಿರು ಗಿಳಿಗಳು ಬರುತ್ತವೆ, ವೈಪರ್ ರಬ್ಬರ್ ಕಿತ್ತು ಹಾಕುತ್ತವೆ. ಮಳೆ ರಸ್ತೆಯಲ್ಲಿ ವೈಪರ್ ಇಲ್ಲದೆ ಹೋಗಲಾಗದು, ಹಾಗಾಗಿ ತಿಂಡಿ ಹಾಕಿ ಕರೆಯಬೇಡಿ.

ಫೋನ್, ಕಾಗದಪತ್ರ ಬೇಗ ಮುಗಿಸುತ್ತೇನೆ. ತುರ್ತಿಗೆ 111, ಪೊಲೀಸ್, ಆಂಬುಲೆನ್ಸ್, ಬೆಂಕಿ ಎಲ್ಲಕ್ಕೂ ಅದೇ. ತುರ್ತು ಅಲ್ಲದ ಪೊಲೀಸ್ ಕೆಲಸಕ್ಕೆ 105. ಮ್ಯಾಪನ್ನು ಫೋನಿಗೆ ಇಳಿಸಿಟ್ಟುಕೊಳ್ಳಿ. ಇಂಗ್ಲಿಷ್‌ನಲ್ಲಿರುವ ನಮ್ಮ ಲೈಸೆನ್ಸ್ ನಡೆಯುತ್ತದೆ, ಆದರೆ ಕಾರ್ಡೇ ಕೈಯಲ್ಲಿರಬೇಕು. ಆರ್‌ಟಿಒದಲ್ಲಿ ಅಂತಾರಾಷ್ಟ್ರೀಯ ಪರ್ಮಿಟ್ ಮಾಡಿಸಿಕೊಂಡರೆ ಇನ್ನೂ ಒಳ್ಳೆಯದು, ಅದೊಂದೇ ಒಯ್ದರೆ ಆಗುವುದಿಲ್ಲ. ಅಲ್ಲಿ ಅಪಘಾತದಲ್ಲಿ ಗಾಯವಾದರೆ ಎಸಿಸಿ ಅನ್ನುವ ಸರ್ಕಾರಿ ವ್ಯವಸ್ಥೆ ಪ್ರವಾಸಿಗಳ ಚಿಕಿತ್ಸೆಗೂ ನೆರವಾಗುತ್ತದೆ, ಅದು ಕೇಳಿ ಕೆಲವರು ಟ್ರಾವೆಲ್ ಇನ್ಶೂರೆನ್ಸ್ ಬೇಡ ಅನ್ನುತ್ತಾರೆ. ಅದು ಗಾಯಕ್ಕೆ ಮಾತ್ರ. ಬಿಪಿ, ಶುಗರ್, ಹೃದಯ ಅಂತ ಕಾಯಿಲೆಯಾದರೆ ಇಲ್ಲ, ವಾಪಸ್ ಊರಿಗೆ ಕರೆತರುವ ಖರ್ಚೂ ಇಲ್ಲ. ನಮ್ಮ ವಯಸ್ಸಿಗೆ ಇನ್ಶೂರೆನ್ಸ್ ಬೇಕೇ ಬೇಕು, ಮೊದಲಿನಿಂದ ಇರುವ ಕಾಯಿಲೆ ಮುಚ್ಚಿಡದೆ ಬರೆಸಿ.

ಸರಿ, ಕಳ್ಳರು. ಇದ್ದಾರೆ. ರಾತ್ರಿಗಿಂತ ಹಗಲು ಜಾಸ್ತಿ. ಜಲಪಾತ ನೋಡಲು ಗಾಡಿ ನಿಲ್ಲಿಸಿ ಎಲ್ಲರೂ ಒಂದು ಗಂಟೆ ನಡೆದು ಹೋಗುತ್ತಾರಲ್ಲ, ಆ ಪಾರ್ಕಿಂಗ್‌ನಲ್ಲಿ ಗಾಜು ಒಡೆಯುತ್ತಾರೆ. ಬಾಡಿಗೆ ವ್ಯಾನ್ ಅಂದರೆ ಒಳಗೆ ಪಾಸ್‌ಪೋರ್ಟ್, ಕ್ಯಾಮೆರಾ ಇರುತ್ತದೆ ಅಂತ ಅವರಿಗೂ ಗೊತ್ತು. ಪಾಸ್‌ಪೋರ್ಟ್, ದುಡ್ಡು, ಮಾತ್ರೆ ಈ ಮೂರು ಒಂದು ಸಣ್ಣ ಚೀಲದಲ್ಲಿ ಸದಾ ಮೈಮೇಲೆ ಇರಲಿ. ಪರದೆ ಎಳೆದು ಹೋಗಿ. ನೆಲದಲ್ಲಿ ಒಡೆದ ಗಾಜಿನ ಚೂರು ಕಂಡರೆ ಆ ಜಾಗ ಬಿಟ್ಟುಬಿಡಿ.

ಕೊನೆಗೆ ಹಿಂದಿನ ಸಾಲಿನಲ್ಲಿದ್ದ ಒಬ್ಬ ತಾಯಿ ಕೇಳಿದರು, ಇಷ್ಟೆಲ್ಲ ತಲೆಯಲ್ಲಿಟ್ಟುಕೊಂಡು ರಾತ್ರಿ ನಿದ್ದೆ ಬರುತ್ತದೆಯಾ ಅಂತ. ಬರುತ್ತದೆ. ನಾವು ಸಂಜೆ ನಿಲ್ಲಿಸುವಾಗಲೇ ಗಾಡಿಯ ಮೂತಿ ರಸ್ತೆ ಕಡೆ ಇರುವ ಹಾಗೆ ನಿಲ್ಲಿಸುತ್ತೇವೆ. ಮಲಗುವ ಮುಂಚೆ ಡ್ರೈವರ್ ಸೀಟಿನ ಮೇಲೆ ಬಟ್ಟೆಬರೆ, ಚೀಲ ಏನೂ ಇರಬಾರದು. ಕೀ ಬಾಗಿಲ ಪಕ್ಕದ ಕೊಕ್ಕೆಯಲ್ಲಿ, ಪ್ರತಿ ರಾತ್ರಿ ಅದೇ ಕೊಕ್ಕೆಯಲ್ಲಿ. ಟಾರ್ಚ್ ದಿಂಬಿನ ಪಕ್ಕ, ಚಪ್ಪಲಿ ಮೆಟ್ಟಿಲ ಹತ್ತಿರ. ಮನಸ್ಸಿಗೆ ಯಾಕೋ ಸರಿಯಿಲ್ಲ ಅನ್ನಿಸಿದರೆ ಕಾರಣ ಹುಡುಕುತ್ತಾ ಕೂರುವುದಿಲ್ಲ, ಕೆಳಗೆ ಇಳಿಯದೆ ಒಳಗಿಂದಲೇ ಮುಂದಿನ ಸೀಟಿಗೆ ಹೋಗಿ ಸ್ಟಾರ್ಟ್ ಮಾಡಿ ಹೊರಟುಬಿಡುತ್ತೇವೆ. ಹಾಗೆ ಹೊರಟಿದ್ದು ಒಂದೇ ಸಲ. ಮಿಕ್ಕ ರಾತ್ರಿಗಳಲ್ಲಿ ನಮ್ಮವರು ಗ್ಯಾಸ್ ಬಂದ್ ಅನ್ನುತ್ತಾರೆ, ನಾನು ಅಲಾರಂನ ಗುಂಡಿ ಒತ್ತಿ ಅದು ಒಮ್ಮೆ ಕೂಗುವುದನ್ನು ಕೇಳಿಸಿಕೊಳ್ಳುತ್ತೇನೆ, ಆಮೇಲೆ ಮಾಡಿನ ಕಿಟಕಿಯನ್ನು ಎರಡು ಬೆರಳಷ್ಟು ತೆರೆದಿಟ್ಟು ದೀಪ ಆರಿಸುತ್ತೇನೆ.